ರಾಯಚೂರಿನ ಬಿಸಿಲಿಗೆ ಬಕೆಟ್ ಹೈಡ್ರೋಪೋನಿಕ್ಸ್ ತಾಳುತ್ತದೆಯೇ?

ಪ್ರಶ್ನೆ: ಮಾಳಿಗೆ ತೋಟ, ರಾಯಚೂರು

ಎಲ್ಲರಿಗೂ ನಮಸ್ಕಾರ. ರಾಯಚೂರು ನಗರದಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ, ಪೇಂಟ್ ತುಂಬಿ ಬರುವ 20 ಲೀಟರಿನ ಖಾಲಿ ಬಕೆಟ್‌ಗಳನ್ನು ತೊಳೆದು, ಅವುಗಳಲ್ಲಿ ಮಣ್ಣಿಲ್ಲದೆ ಟೊಮೆಟೊ, ಬದನೆ ಮತ್ತು ಸವತೆಯನ್ನು ಬೆಳೆಯುತ್ತಿದ್ದೇನೆ. ಮುಚ್ಚಳಕ್ಕೆ ರಂಧ್ರ ಕೊರೆದು ಜಾಲರಿ ಕುಂಡವನ್ನು ಕೂರಿಸಿ, ಬೇರುಗಳು ಸದಾ ಗೊಬ್ಬರದ ನೀರಿನಲ್ಲಿ ಇಳಿಬಿದ್ದಿರುವಂತೆ ಮಾಡಿ, ಮೀನಿನ ತೊಟ್ಟಿಗೆ ಬಳಸುವ ಏರ್ ಪಂಪಿನಿಂದ ಪ್ರತಿ ಬಕೆಟ್ಟಿಗೂ ಗಾಳಿ ಊದಿಸುವ ವ್ಯವಸ್ಥೆ ಇದು. ಚಳಿಗಾಲದಲ್ಲಿ ಗಿಡಗಳು ಕಣ್ಣು ತುಂಬುವಂತೆ ಬೆಳೆದವು. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಮೇಲೆ ಪರಿಸ್ಥಿತಿ ಬದಲಾಗಿದೆ.

ಈಗ ಬೇರುಗಳು ನೀರಿನಲ್ಲೇ ಮುಳುಗಿದ್ದರೂ ನಡುಹಗಲಿನ ಹೊತ್ತಿಗೆ ಎಲೆಗಳು ಜೋತುಬೀಳುತ್ತವೆ. ಸಂಜೆಯ ವೇಳೆಗೆ ಚೇತರಿಸಿಕೊಳ್ಳುತ್ತಿದ್ದ ಗಿಡಗಳು ಈಚೆಗೆ ಚೇತರಿಸಿಕೊಳ್ಳುವುದನ್ನೂ ಬಿಟ್ಟಿವೆ. ಮುಚ್ಚಳ ಎತ್ತಿದರೆ ನಿಂತ ಚರಂಡಿಯ ವಾಸನೆ ಬರುತ್ತದೆ. ಬಿಳಿಯಾಗಿದ್ದ ಬೇರುಗಳು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿವೆ. ಮಧ್ಯಾಹ್ನ ಮೂರು ಗಂಟೆಗೆ ಬಕೆಟ್ಟಿನ ನೀರಿನ ಉಷ್ಣತೆಯನ್ನು ಅಳೆದಾಗ 36 ಡಿಗ್ರಿ ತೋರಿಸಿತು. ಬಳಸುತ್ತಿರುವುದು ಬೋರ್ ನೀರು. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ 1100 ಬರುತ್ತದೆ. ನೀರಿನ ಹುಳಿ-ಕ್ಷಾರ ಗುಣವನ್ನು ತೋರಿಸುವ ಪಿಎಚ್ ಅನ್ನು 6ಕ್ಕೆ ಇಳಿಸಿಟ್ಟರೂ ಎರಡು ದಿನ ಕಳೆಯುವುದರೊಳಗೆ 7.8ಕ್ಕೆ ಏರಿರುತ್ತದೆ. ಗೊಬ್ಬರವಾಗಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ತಲಾ 19 ಪ್ರತಿಶತ), ಅದರೊಂದಿಗೆ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಲಘು ಪೋಷಕಾಂಶಗಳ ಮಿಶ್ರಣವನ್ನು ಹಾಕುತ್ತಿದ್ದೇನೆ. ಕರೆಂಟು ಹೋದಾಗ ಏರ್ ಪಂಪ್ ನಿಲ್ಲುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ನೀರಿಗೆ ಮಂಜುಗಡ್ಡೆ ಹಾಕಬೇಕೆಂದು ಕೆಲವರೂ, ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಕೆಂದು ಕೆಲವರೂ, ಇನ್ನೂ ದೊಡ್ಡ ಏರ್ ಪಂಪ್ ತರಬೇಕೆಂದು ಮತ್ತೆ ಕೆಲವರೂ ಸಲಹೆ ಕೊಟ್ಟಿದ್ದಾರೆ. ನಮ್ಮ ಭಾಗದ ಬಿಸಿಲಿನಲ್ಲಿ ಇದೇ ವ್ಯವಸ್ಥೆಯನ್ನು ಉಳಿಸಿಕೊಳ್ಳಲು ಸಾಧ್ಯವೇ, ಅಥವಾ ಪದ್ಧತಿಯನ್ನೇ ಬದಲಿಸಬೇಕೇ? ಬಯಲುಸೀಮೆಯಲ್ಲಿ ಮಾಡಿ ನೋಡಿದವರು ಉತ್ತರಿಸಿದರೆ ಉಪಕಾರವಾಗುತ್ತದೆ. ಬೆಂಗಳೂರಿನ ಹವೆಗೆ ಹೇಳಿದ ಮಾತುಗಳನ್ನು ಸಾಕಷ್ಟು ಓದಿದ್ದೇನೆ.

ಉತ್ತರ: ಭತ್ತದ ಸೀಮೆ, ಗಂಗಾವತಿ

ನಮಸ್ಕಾರ. ತಮ್ಮ ವಿವರಣೆಯಲ್ಲಿ ಮುಖ್ಯವಾದ ಅಂಕಿ ಒಂದೇ, ಅದು 36 ಡಿಗ್ರಿ. ಬೇರಿಗೆ ಹಿತವಾದ ನೀರಿನ ಉಷ್ಣತೆ 18ರಿಂದ 24 ಡಿಗ್ರಿ. 28ರವರೆಗೆ ಹೇಗೋ ನಡೆಯುತ್ತದೆ. ಅದನ್ನು ದಾಟಿದ ಮೇಲೆ ಗೊಬ್ಬರ, ಪಿಎಚ್, ತಳಿ ಯಾವುದನ್ನು ತಿದ್ದಿದರೂ ಪ್ರಯೋಜನ ಕಡಿಮೆ.

ಕಾರಣ ಹೀಗಿದೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ: 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 35 ಡಿಗ್ರಿಯಲ್ಲಿ ಸುಮಾರು 7 ಮಿಲಿಗ್ರಾಂ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಈ ಇಳಿಕೆ ಅಷ್ಟೇನೂ ದೊಡ್ಡದಲ್ಲ ಎಂದು ಅನ್ನಿಸಬಹುದು. ಆದರೆ ಉಷ್ಣತೆ 10 ಡಿಗ್ರಿ ಏರಿದರೆ ಬೇರಿನ ಉಸಿರಾಟದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಂದರೆ ಪೂರೈಕೆ ತಗ್ಗಿದ ಹೊತ್ತಿನಲ್ಲಿಯೇ ಬೇಡಿಕೆ ದುಪ್ಪಟ್ಟಾಗಿರುತ್ತದೆ. ದೊಡ್ಡ ಏರ್ ಪಂಪ್ ತಂದರೂ ಆ ಉಷ್ಣತೆಯಲ್ಲಿ ನೀರು ಎಷ್ಟು ಆಮ್ಲಜನಕವನ್ನು ಹಿಡಿಯಬಲ್ಲದೋ ಅಷ್ಟನ್ನೇ ಹಿಡಿಯುತ್ತದೆ, ಅದರ ಮಿತಿಯನ್ನು ಪಂಪು ಹೆಚ್ಚಿಸಲಾರದು. ಇಂಥ ಉಸಿರುಕಟ್ಟಿದ ಬೇರಿಗೆ ಪಿಥಿಯಂ ಎಂಬ ರೋಗಾಣು ಬಂದು ಸೇರುತ್ತದೆ. ಅದರ ಕೆಲವು ಪ್ರಭೇದಗಳಿಗೆ 30 ಡಿಗ್ರಿ ದಾಟಿದ ನೀರೆಂದರೆ ಬಹಳ ಅನುಕೂಲ. ತಮ್ಮಲ್ಲಿರುವುದು ಅದೇ ಹೌದೋ ಅಲ್ಲವೋ ಎಂದು ನೋಡಲು ಒಂದು ಕಂದು ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಸಿಪ್ಪೆ ಲೋಳೆಯಂತೆ ಜಾರಿ ಬೆರಳಿಗೆ ಅಂಟಿಕೊಂಡು, ಒಳಗೆ ನೂಲಿನಂಥ ತೆಳ್ಳನೆಯ ಎಳೆಯೊಂದು ಉಳಿದರೆ ಆ ಗಿಡವನ್ನು ಉಳಿಸುವ ಆಸೆಯನ್ನು ಬಿಟ್ಟುಬಿಡಿ.

ಪೆರಾಕ್ಸೈಡ್ ಒಂದೆರಡು ದಿನದ ಮಟ್ಟಿಗೆ ವಾಸನೆಯನ್ನು ಅಡಗಿಸುತ್ತದೆ, ನೀರು ಕಾದೇ ಇರುವಾಗ ರೋಗ ಮರಳಿ ಬರುತ್ತದೆ. ಮಂಜುಗಡ್ಡೆಯಿಂದ ನೀರಿನ ಉಷ್ಣತೆ ಗಂಟೆಗೊಮ್ಮೆ ಇಳಿದು ಏರುತ್ತದೆ, ಆ ಏರಿಳಿತವೂ ಬೇರಿಗೆ ಒಳ್ಳೆಯದಲ್ಲ. ಏಪ್ರಿಲ್ ತಿಂಗಳಿನಲ್ಲಿ ರಾಯಚೂರಿನ ಮಾಳಿಗೆಯ ಮೇಲೆ ಇಟ್ಟ ಬಕೆಟ್‌ಗಳಿಗೆಲ್ಲ ಸಾಲುವಷ್ಟು ಮಂಜುಗಡ್ಡೆಯನ್ನು ಯಾರು ತಂದು ಹಾಕುತ್ತಾರೆ ಎಂಬುದು ಬೇರೆ ಮಾತು.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಬೇರು ನೀರಿನಲ್ಲಿ ತೇಲುವ ಪದ್ಧತಿ ನಮ್ಮ ಭಾಗದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಸರಿ. ಉಳಿದ ಕಾಲಕ್ಕೆ ಅದೇ ಬಕೆಟ್‌ಗಳನ್ನು ಡಚ್ ಬಕೆಟ್ ಪದ್ಧತಿಗೆ ಬದಲಿಸಿಕೊಳ್ಳುವುದು ಲೇಸು. ಇದರಲ್ಲಿ ಮಣ್ಣಿನ ಬದಲು ಬೇರು ಹಿಡಿಯಲು ಬಕೆಟ್ಟಿನ ತುಂಬ ಹಗುರವಾದ ಹರಳು ಮಾಧ್ಯಮವಿರುತ್ತದೆ, ಮೇಲಿನಿಂದ ಡ್ರಿಪ್ ಮೂಲಕ ಗೊಬ್ಬರದ ನೀರು ಸ್ವಲ್ಪಸ್ವಲ್ಪವಾಗಿ ಬೀಳುತ್ತದೆ, ಹೆಚ್ಚಾದದ್ದು ತಳದಿಂದ ಹೊರಗೆ ಹೋಗುತ್ತದೆ. ಬೇರಿಗೆ ಬೇಕಾದ ಗಾಳಿ ಹರಳುಗಳ ನಡುವಿನ ಸಂದುಗಳಲ್ಲಿಯೇ ಇರುವುದರಿಂದ ಏರ್ ಪಂಪಿನ ಅವಶ್ಯಕತೆಯಿಲ್ಲ, ಕರೆಂಟು ಒಂದೆರಡು ಗಂಟೆ ಹೋದರೂ ಗಿಡಕ್ಕೆ ಏನೂ ಆಗುವುದಿಲ್ಲ.

ಬಕೆಟ್ ಸಿದ್ಧಪಡಿಸುವ ಕ್ರಮವನ್ನು ಹೇಳುತ್ತೇನೆ. ತಳದಿಂದ ಒಂದೂವರೆ ಇಂಚು ಮೇಲೆ ಪಕ್ಕದಲ್ಲಿ ರಂಧ್ರ ಕೊರೆದು, ಡ್ರಿಪ್ ಅಂಗಡಿಯಲ್ಲಿ ಸಿಗುವ ರಬ್ಬರ್ ಗ್ರಾಮೆಟ್ (ನೀರು ಸೋರದಂತೆ ತಡೆಯುವ ಬಳೆ) ಕೂರಿಸಿ, ಅದರೊಳಗೆ ಮುಕ್ಕಾಲು ಇಂಚಿನ ಪೈಪಿನ ತುಂಡನ್ನು ತೂರಿಸಿ. ಬಕೆಟ್ಟಿನ ಒಳಗಿರುವ ತುದಿಗೆ ಒಂದು ಎಲ್ಬೋವನ್ನು ಬಾಯಿ ಕೆಳಗೆ ಮಾಡಿ ಜೋಡಿಸಿ, ಆ ಬಾಯಿಗೆ ಹಳೆಯ ಸೊಳ್ಳೆ ಪರದೆಯ ತುಂಡನ್ನು ಕಟ್ಟಿದರೆ ಮಾಧ್ಯಮ ಹೊರಗೆ ಹೋಗುವುದಿಲ್ಲ. ಹೀಗೆ ಮಾಡಿದಾಗ ತಳದಲ್ಲಿ ಸುಮಾರು ಒಂದು ಇಂಚು ನೀರು ಯಾವಾಗಲೂ ಉಳಿದು, ಅದಕ್ಕಿಂತ ಮೇಲಿನದು ತಾನಾಗಿ ಹೊರಹೋಗುತ್ತದೆ. ಹೊರಗಿನ ತುದಿಗಳೆಲ್ಲವೂ ಎರಡು ಇಂಚಿನ ಪಿವಿಸಿ ಪೈಪಿಗೆ ಸೇರಲಿ, ಆ ಪೈಪಿಗೆ ಸ್ವಲ್ಪ ಇಳಿಜಾರು ಇರಲಿ.

ಮಾಧ್ಯಮದ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಪುಸ್ತಕಗಳಲ್ಲಿ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಕಲ್ಲಿನ ಹರಳು) ಎಂದು ಬರೆದಿರುತ್ತದೆ, ಅದನ್ನು ದೂರದಿಂದ ತರಿಸಬೇಕು, ಬೆಲೆಯೂ ಹೆಚ್ಚು. ಗಂಗಾವತಿ, ಸಿಂಧನೂರು, ಸಿರುಗುಪ್ಪ, ಮಾನ್ವಿ ಕಡೆಯ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟಿಗೆ ಕೊರತೆಯಿಲ್ಲ. ಆ ಹೊಟ್ಟನ್ನು ಕಪ್ಪಗೆ ಸುಟ್ಟುಕೊಂಡರೆ ಪರ್ಲೈಟಿನ ಸ್ಥಾನವನ್ನು ಅದು ಚೆನ್ನಾಗಿಯೇ ತುಂಬುತ್ತದೆ. ತೂತು ಹೊಡೆದ ಒಂದು ತಗಡಿನ ಡಬ್ಬಿಯಲ್ಲಿ ಬೆಂಕಿ ಮಾಡಿ, ಹೊಗೆ ಹೋಗಲು ಮೇಲೊಂದು ಕೊಳವೆ ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ರಾಶಿ ಹಾಕಿದರೆ ಅದು ಒಳಗಿನಿಂದ ಹೊರಕ್ಕೆ ನಿಧಾನವಾಗಿ ಕಪ್ಪಾಗುತ್ತ ಬರುತ್ತದೆ. ಎಲ್ಲವೂ ಕಪ್ಪಾದ ಕೂಡಲೇ, ಬಿಳಿ ಬೂದಿಯಾಗುವ ಮೊದಲು, ನೀರು ಸುರಿದು ಆರಿಸಬೇಕು. ಮಿಲ್ಲಿನ ಬಾಯ್ಲರಿನಿಂದ ಹೊರಬೀಳುವ ಬೂದಿ ಪುಕ್ಕಟೆ ಸಿಗುತ್ತದೆಂದು ಅದನ್ನು ತರಬೇಡಿ. ಪೂರ್ತಿ ಸುಟ್ಟ ನಯವಾದ ಬೂದಿ ಒದ್ದೆಯಾದೊಡನೆ ಗಚ್ಚಿನಂತೆ ಕೂರುತ್ತದೆ, ಗಾಳಿಗೆ ಎಡೆಯೇ ಇರುವುದಿಲ್ಲ. ಸುಟ್ಟ ಹೊಟ್ಟು ಕ್ಷಾರಗುಣದ್ದಾದುದರಿಂದ ಎರಡು ಮೂರು ಬಾರಿ ತೊಳೆದು, ಅಷ್ಟೇ ಪ್ರಮಾಣದ ತೊಳೆದ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಬೆರೆಸಿ ತುಂಬಿ.

ಬಕೆಟ್ಟಿನ ಹೊರಮೈಗೆ ಸುಣ್ಣ ಹೊಡೆಯಿರಿ ಅಥವಾ ಬಿಳಿ ಪೇಂಟ್ ಬಳಿಯಿರಿ, ಅದರ ಮೇಲೆ ಗೋಣಿಚೀಲ ಸುತ್ತಿ ದಿನಕ್ಕೆ ಮೂರ್ನಾಲ್ಕು ಸಲ ಒದ್ದೆ ಮಾಡಿ. ಕರಾವಳಿಯವರಿಗೆ ಇದರಿಂದ ಲಾಭವಿಲ್ಲ, ನಮಗಿದೆ: ನಮ್ಮ ಬೇಸಿಗೆಯ ಗಾಳಿ ಒಣಗಿರುವುದರಿಂದ ಒದ್ದೆ ಗೋಣಿಯ ನೀರು ಬೇಗ ಆವಿಯಾಗಿ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ಮಣ್ಣಿನ ಗಡಿಗೆಯ ನೀರು ತಣ್ಣಗಿರುವ ಹಾಗೆ. ಮೇಲೆ 50 ಪ್ರತಿಶತದ ಶೇಡ್ ನೆಟ್ ಇರಲಿ. ಅದು ಗಿಡದ ತಲೆಯಿಂದ ಮೂರ್ನಾಲ್ಕು ಅಡಿಯಾದರೂ ಎತ್ತರದಲ್ಲಿದ್ದರೆ ಮಾತ್ರ ಬಿಸಿಗಾಳಿ ಕೆಳಗೆ ನಿಲ್ಲದೆ ಹಾದುಹೋಗುತ್ತದೆ. ಗೊಬ್ಬರದ ನೀರಿನ ಟ್ಯಾಂಕನ್ನು ಮಾಳಿಗೆಯ ಮೇಲಿಡದೆ ಕೆಳಗೆ ನೆರಳಿನಲ್ಲಿ, ಸಾಧ್ಯವಾದರೆ ನೆಲದಲ್ಲಿ ಹೂತು ಇಡಿ.

ಉತ್ತರ: ನೀರಿನ ಲೆಕ್ಕ, ಬಳ್ಳಾರಿ

ಗಂಗಾವತಿಯವರು ಉಷ್ಣತೆಯ ವಿಷಯವನ್ನು ಸರಿಯಾಗಿ ಹೇಳಿದ್ದಾರೆ. ನಾನು ನೀರಿನ ಗುಣದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಬಕೆಟ್ ಬದಲಿಸಿದ ಮೇಲೆ ಎದುರಾಗುವ ತೊಡಕು ಅದೇ.

ತಮ್ಮ ಟಿಡಿಎಸ್ ಮೀಟರ್ ತೋರಿಸುವ 1100 ಎಂಬುದು, ಸಾಮಾನ್ಯವಾಗಿ ಮಾರುಕಟ್ಟೆಯಲ್ಲಿ ಸಿಗುವ 500ರ ಮಾನದ ಮೀಟರಾಗಿದ್ದರೆ, ಇಸಿ (ಉಪ್ಪು ಕರಗಿದಷ್ಟೂ ಏರುವ ನೀರಿನ ವಿದ್ಯುತ್ ವಾಹಕತೆ) ಲೆಕ್ಕದಲ್ಲಿ, 500ರಿಂದ ಭಾಗಿಸಿದಾಗ, 2.2 ಆಗುತ್ತದೆ. ಟೊಮೆಟೊ ಗಿಡಕ್ಕೆ ಬೇಕಾದ ಗೊಬ್ಬರದ ನೀರಿನ ಒಟ್ಟು ಇಸಿಯೇ 2ರಿಂದ 2.5. ಅಂದರೆ ಒಂದು ಚಮಚ ಗೊಬ್ಬರ ಹಾಕುವ ಮೊದಲೇ ಬುಟ್ಟಿ ತುಂಬಿದೆ, ಅದೂ ಗಿಡಕ್ಕೆ ಬೇಡವಾದ ಸೋಡಿಯಂ, ಕ್ಲೋರೈಡ್ ಮತ್ತು ಬೈಕಾರ್ಬನೇಟ್‌ಗಳಿಂದ. ಗಿಡ ನೀರನ್ನು ಕುಡಿಯುತ್ತದೆ, ಉಪ್ಪನ್ನು ಬಕೆಟ್ಟಿನಲ್ಲಿಯೇ ಬಿಡುತ್ತದೆ, ದಿನೇ ದಿನೇ ಸವಳು ಹೆಚ್ಚುತ್ತ ಹೋಗುತ್ತದೆ. ಮಣ್ಣಿಲ್ಲದ ಬೇಸಾಯಕ್ಕೆ ಮೂಲ ನೀರಿನ ಇಸಿ 0.5ರ ಆಸುಪಾಸಿನಲ್ಲಿದ್ದರೆ ಉತ್ತಮ, 0.75ರವರೆಗೆ ಒಪ್ಪಬಹುದು. ತಾವು ಒಂದು ಪಾಲು ಬೋರ್ ನೀರಿಗೆ ಮೂರು ಪಾಲು ಮಳೆನೀರನ್ನು ಅಥವಾ ಆರ್‌ಒ ನೀರನ್ನು ಬೆರೆಸಿದರೆ ಈ ಮಿತಿಯೊಳಗೆ ಬರುತ್ತೀರಿ. ಆರ್‌ಒ ಯಂತ್ರದ ವೇಸ್ಟ್ ಪೈಪಿನ ನೀರನ್ನು ದಯವಿಟ್ಟು ಬಳಸಬೇಡಿ, ಅದು ಬೋರ್ ನೀರಿಗಿಂತಲೂ ಉಪ್ಪಾಗಿರುತ್ತದೆ.

ಮಳೆನೀರು ನಮ್ಮಲ್ಲಿ ಎಲ್ಲಿದೆ ಎಂದು ಕೇಳಬಹುದು. ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯೆಂದು ಹಿಡಿದರೂ, 1000 ಚದರಡಿಯ ಮಾಳಿಗೆಯ ಮೇಲೆ 50,000 ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಹತ್ತು ಟೊಮೆಟೊ ಗಿಡಗಳು ದಿನಕ್ಕೆ ತಲಾ ಎರಡು ಲೀಟರ್ ಕುಡಿದರೆ ಐದು ತಿಂಗಳ ಬೆಳೆಗೆ 3000 ಲೀಟರ್ ಸಾಕು. ಮಳೆ ಹೆಚ್ಚಾಗಿ ಬೀಳುವ ಸೆಪ್ಟೆಂಬರಿನಲ್ಲಿ ಒಂದೆರಡು ದೊಡ್ಡ ಟ್ಯಾಂಕುಗಳನ್ನು ತುಂಬಿಟ್ಟುಕೊಂಡರೆ ಚಳಿಗಾಲದ ಬೆಳೆ ಅದರಲ್ಲೇ ಮುಗಿಯುತ್ತದೆ. ಸಂಡೂರು, ಹೊಸಪೇಟೆ, ಕೊಪ್ಪಳ ಕಡೆಯ ಗಣಿ ಮತ್ತು ಸ್ಪಾಂಜ್ ಐರನ್ ಘಟಕಗಳ ಸಮೀಪದಲ್ಲಿರುವವರು ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಟ್ಟು, ಮಾಳಿಗೆಯ ಕೆಂಪು ಧೂಳು ತೊಳೆದುಹೋದ ಮೇಲೆ ಹಿಡಿಯಬೇಕು. ಆ ಧೂಳಿನಿಂದ ಗಿಡಕ್ಕೆ ಕಬ್ಬಿಣಾಂಶ ಸಿಗುತ್ತದೆ ಎಂದು ವಾದಿಸಿದವರನ್ನು ನಾನು ಕಂಡಿದ್ದೇನೆ. ಅದರಲ್ಲಿರುವುದು ತುಕ್ಕಿನ ರೂಪದ ಕಬ್ಬಿಣ, ಗಿಡಕ್ಕೆ ದಕ್ಕುವುದಿಲ್ಲ.

ಇನ್ನು ಪಿಎಚ್ ಏರುವ ವಿಷಯ. ಏರಲು ಮುಖ್ಯ ಕಾರಣ ನೀರಿನಲ್ಲಿರುವ ಬೈಕಾರ್ಬನೇಟ್ ಎಂಬ ಕ್ಷಾರಗುಣದ ಅಂಶ. ತಾವು ಬಕೆಟ್ಟಿಗೆ ಹೊಸ ಬೋರ್ ನೀರನ್ನು ಸೇರಿಸಿದಾಗಲೆಲ್ಲ ಹೊಸ ಬೈಕಾರ್ಬನೇಟನ್ನೂ ಸೇರಿಸುತ್ತಿದ್ದೀರಿ. ಫಾಸ್ಫಾರಿಕ್ ಆಸಿಡ್ ಸುರಿಯುತ್ತ ಹೋದರೆ ಆಯಿತು ಎಂದು ಅನೇಕರು ಭಾವಿಸಿದ್ದಾರೆ. ಲೆಕ್ಕ ಹಾಕಿ ನೋಡಿ: 85 ಪ್ರತಿಶತದ ಫಾಸ್ಫಾರಿಕ್ ಆಸಿಡ್ 100 ಲೀಟರ್ ನೀರಿಗೆ 10 ಮಿಲಿ ಹಾಕಿದರೆ ಅದರಲ್ಲಿಯೇ ಲೀಟರಿಗೆ ಸುಮಾರು 45 ಮಿಲಿಗ್ರಾಂ ರಂಜಕ ಬರುತ್ತದೆ. ಟೊಮೆಟೊ ಗಿಡಕ್ಕೆ ಬೇಕಾದ ಪೂರ್ತಿ ರಂಜಕವೇ ಅಷ್ಟು. ಆದರೆ ಆ 10 ಮಿಲಿ ಆಸಿಡ್ ಕೊಲ್ಲುವ ಕ್ಷಾರೀಯತೆ ಲೀಟರಿಗೆ 75 ಮಿಲಿಗ್ರಾಂ ಮಾತ್ರ, ನಮ್ಮ ಗಡಸು ಬೋರ್ ನೀರಿನಲ್ಲಿ ಅದರ ಮೂರು ನಾಲ್ಕು ಪಟ್ಟು ಇರುವುದು ಅಪರೂಪವಲ್ಲ. ಉಳಿದದ್ದನ್ನೂ ಇದೇ ಆಸಿಡ್‌ನಿಂದ ಇಳಿಸಲು ಹೊರಟರೆ ರಂಜಕ ವಿಪರೀತವಾಗಿ, ಕಬ್ಬಿಣ, ಸತು ಮತ್ತು ಕ್ಯಾಲ್ಸಿಯಂ ಗಿಡಕ್ಕೆ ಸಿಗದಂತಾಗುತ್ತವೆ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಹೀಗೆಯೇ. ಆದಕಾರಣ ಆಸಿಡ್‌ಗಿಂತ ಮೊದಲು ನೀರನ್ನು ಬೆರೆಸುವುದೇ ಮೇಲು. ಮಣ್ಣು ಮತ್ತು ನೀರಿನ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕೊಟ್ಟು, ಇಸಿ, ಸೋಡಿಯಂ, ಕ್ಲೋರೈಡ್, ಬೈಕಾರ್ಬನೇಟ್ ಇವಿಷ್ಟನ್ನು ಬರೆಸಿಕೊಂಡು ಬನ್ನಿ. ಟಿಡಿಎಸ್ ಅಂಕಿಯೊಂದನ್ನೇ ನಂಬಿ ಕೂರಬೇಡಿ.

ಪ್ರಶ್ನೆ ಕೇಳಿದವರಿಂದ: ಮಾಳಿಗೆ ತೋಟ, ರಾಯಚೂರು

ಇಬ್ಬರಿಗೂ ಧನ್ಯವಾದಗಳು. ಬೇರನ್ನು ಎಳೆದು ನೋಡಿದೆ, ಸಿಪ್ಪೆ ಜಾರಿ ನೂಲು ಉಳಿಯಿತು. ಟೊಮೆಟೊ ಗಿಡಗಳನ್ನು ಕಿತ್ತು ಹಾಕಿ, ಡಚ್ ಬಕೆಟ್ ಪದ್ಧತಿಗೆ ಬದಲಿಸಲು ತೀರ್ಮಾನಿಸಿದ್ದೇನೆ. ಇನ್ನು ಮೂರು ಸಂಗತಿಗಳು ತಿಳಿಯಬೇಕಾಗಿವೆ. ಗೊಬ್ಬರದ ಅಂಗಡಿಯಲ್ಲಿ ಸುಲಭವಾಗಿ ಸಿಗುವ 19:19:19 ಅನ್ನೇ ಮುಂದುವರಿಸಬಹುದೇ? ಡ್ರಿಪ್ಪಿಗೆ ಮೋಟರ್ ಇಡಲೇಬೇಕೇ, ಅಥವಾ ಸ್ಟ್ಯಾಂಡಿನ ಮೇಲೆ ಟ್ಯಾಂಕ್ ಇಟ್ಟರೆ ನಡೆಯುತ್ತದೆಯೇ? ತಳದಿಂದ ಹೊರಬರುವ ನೀರನ್ನು ಮತ್ತೆ ಟ್ಯಾಂಕಿಗೆ ಹಿಂತಿರುಗಿಸಬೇಕೇ?

ಉತ್ತರ: ನೀರಿನ ಲೆಕ್ಕ, ಬಳ್ಳಾರಿ

19:19:19 ಮಣ್ಣಿನ ಬೆಳೆಗೆ ಒಳ್ಳೆಯ ಗೊಬ್ಬರ, ಬಕೆಟ್ಟಿಗೆ ಅಲ್ಲ. ಅದರಲ್ಲಿರುವ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಯೂರಿಯಾ ರೂಪದಲ್ಲಿರುತ್ತದೆ. ಮಣ್ಣಿನಲ್ಲಿ ಯೂರಿಯಾವನ್ನು ಮುರಿದು ಗಿಡಕ್ಕೆ ಒದಗಿಸುವ ಸೂಕ್ಷ್ಮಜೀವಿಗಳು ಹೇರಳವಾಗಿರುತ್ತವೆ, ಶುದ್ಧ ನೀರಿನಲ್ಲಿ ಅಷ್ಟಿರುವುದಿಲ್ಲ. ಅದು ಮುರಿದಾಗಲೂ ಮೊದಲು ಅಮೋನಿಯಂ ಆಗುತ್ತದೆ. ಬೇರಿನ ಸುತ್ತ ಬಿಸಿಯಿರುವಾಗ ಅಮೋನಿಯಂ ಹೆಚ್ಚಾದರೆ ಬೇರಿಗೇ ಹಾನಿ. ಇನ್ನೊಂದು ತೊಂದರೆಯನ್ನು ಯಾರೂ ಹೇಳುವುದಿಲ್ಲ: ಯೂರಿಯಾ ನೀರಿನಲ್ಲಿ ಕರಗಿದರೂ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ ಇಸಿ ಮೀಟರಿಗೆ ಅದು ಕಾಣುವುದೇ ಇಲ್ಲ. ಮೀಟರ್ ನೋಡಿ ಗೊಬ್ಬರ ಕಡಿಮೆಯಿದೆ ಎಂದು ಇನ್ನಷ್ಟು ಹಾಕುತ್ತ ಹೋಗುತ್ತೇವೆ.

ಅದರ ಬದಲು ಬಿಡಿ ಗೊಬ್ಬರಗಳನ್ನು ತೆಗೆದುಕೊಳ್ಳಿ. ದ್ರಾಕ್ಷಿ, ದಾಳಿಂಬೆ ಬೆಳೆಗಾರರು ಡ್ರಿಪ್ಪಿನಲ್ಲಿ ಬಿಡುವ ಗೊಬ್ಬರಗಳೇ ಇವು. ಕೊಪ್ಪಳ, ಕುಷ್ಟಗಿ ಕಡೆಯ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಟೊಮೆಟೊಗೆ 100 ಲೀಟರ್ ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ 80 ಗ್ರಾಂ, 13:0:45 ಎಂದು ಕರೆಯುವ ಪೊಟ್ಯಾಷಿಯಂ ನೈಟ್ರೇಟ್ 40 ಗ್ರಾಂ, 0:52:34 (ಮೋನೋ ಪೊಟ್ಯಾಷಿಯಂ ಫಾಸ್ಫೇಟ್) ಇಪ್ಪತ್ತು ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 45 ಗ್ರಾಂ, 12 ಪ್ರತಿಶತದ ಕಬ್ಬಿಣದ ಇಡಿಟಿಎ (ಗಿಡಕ್ಕೆ ದಕ್ಕುವಂತೆ ನೀರಿನಲ್ಲಿ ಕರಗಿ ಉಳಿಯುವ ಕಬ್ಬಿಣ) 2 ಗ್ರಾಂ, ಉಳಿದ ಲಘು ಪೋಷಕಾಂಶಗಳನ್ನು ಪೊಟ್ಟಣದ ಮೇಲೆ ಬರೆದಷ್ಟು ಹಾಕಿ. ಇದರಿಂದ ಲೀಟರಿಗೆ ಸಾರಜನಕ ಸುಮಾರು 175, ರಂಜಕ 45, ಪೊಟ್ಯಾಷ್ 205, ಕ್ಯಾಲ್ಸಿಯಂ 150, ಮೆಗ್ನೀಷಿಯಂ 43 ಮಿಲಿಗ್ರಾಂ ಸಿಗುತ್ತವೆ. ಪಿಎಚ್ ಇಳಿಸಲು ಫಾಸ್ಫಾರಿಕ್ ಆಸಿಡ್ 10 ಮಿಲಿ ಬಳಸಿದರೆ ಆ 0:52:34 ಅನ್ನು ಪೂರ್ತಿ ಬಿಟ್ಟು, ತಪ್ಪಿಹೋದ ಪೊಟ್ಯಾಷಿಗಾಗಿ 0:0:50 (ಪೊಟ್ಯಾಷಿಯಂ ಸಲ್ಫೇಟ್) ಗೊಬ್ಬರವನ್ನು 14 ಗ್ರಾಂ ಸೇರಿಸಿ. ಪಿಎಚ್ 5.8ರಿಂದ 6.3ರೊಳಗೆ ಇರಲಿ, 6.5 ದಾಟಿದ ಮೇಲೆ ಇಡಿಟಿಎ ರೂಪದ ಕಬ್ಬಿಣ ನಿಲ್ಲುವುದಿಲ್ಲ, ಗಡಸು ನೀರಿನವರು ಇಡಿಡಿಎಚ್ಎ ರೂಪದ್ದನ್ನು ಬಳಸುವುದುಂಟು.

ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆಯವುಗಳೊಂದಿಗೆ ಒಂದೇ ಮಗ್ಗಿನಲ್ಲಿ ಕಲಸಬಾರದು. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ, ಸಲ್ಫೇಟ್ ಮತ್ತು ಫಾಸ್ಫೇಟ್ ಒಟ್ಟಾದರೆ ತಕ್ಷಣವೇ ಬಿಳಿಯ ಪುಡಿಯಾಗಿ ತಳಕ್ಕೆ ಕೂರುತ್ತವೆ, ಡ್ರಿಪ್ಪಿನ ಬಾಯಿ ಕಟ್ಟುತ್ತದೆ. ಮಿಕ್ಕೆಲ್ಲವನ್ನು ಮೊದಲು ಟ್ಯಾಂಕಿನ ನೀರಿಗೆ ಸೇರಿಸಿ ಕಲಕಿ, ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ನೀರಿನಲ್ಲಿ ಕರಗಿಸಿಕೊಂಡು ಕೊನೆಗೆ ಹಾಕಿ. ಆಸಿಡ್ ಬಳಸುವಾಗ ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಹಾಕಬಾರದು. ಕೈಗವಸು ಮತ್ತು ಕನ್ನಡಕ ಇಲ್ಲದೆ ಬಾಟಲಿಯ ಬಿರಡೆ ತೆಗೆಯಲೇಬೇಡಿ, ಮಕ್ಕಳಿರುವ ಮನೆಯಾದರೆ ಬೀಗ ಹಾಕಿಡಿ.

ಬಿಸಿಲು ಹೆಚ್ಚಿದಾಗ ಗೊಬ್ಬರವನ್ನು ಹೆಚ್ಚಿಸಬೇಕೆಂದು ತೋರುವುದು ಸಹಜ, ಮಾಡಬೇಕಾದದ್ದು ಅದರ ವಿರುದ್ಧ. ಬೇಸಿಗೆಯಲ್ಲಿ ಗಿಡ ಗೊಬ್ಬರಕ್ಕಿಂತ ನೀರನ್ನೇ ಹೆಚ್ಚಾಗಿ ಕುಡಿಯುವುದರಿಂದ ಇಸಿಯನ್ನು 1.6ರಿಂದ 1.8ಕ್ಕೆ ಇಳಿಸಿ. ಚಳಿಗಾಲದಲ್ಲಿ 2.4ರವರೆಗೆ ಹೋಗಬಹುದು.

ಸ್ಟ್ಯಾಂಡಿನ ಮೇಲಿನ ಟ್ಯಾಂಕ್ ನಡೆಯುತ್ತದೆ, ಒಂದು ಷರತ್ತಿನ ಮೇಲೆ. ಹೊಲದಲ್ಲಿ ಬಳಸುವ ಒತ್ತಡ ಸಮತೋಲನದ ಡ್ರಿಪ್ಪರುಗಳು ಐದಾರು ಅಡಿ ಎತ್ತರದ ನೀರಿನ ಒತ್ತಡಕ್ಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಾದಾ ಮೈಕ್ರೋಟ್ಯೂಬನ್ನು (ತೆಳ್ಳನೆಯ ಕೊಳವೆ) ಎಲ್ಲ ಬಕೆಟ್‌ಗಳಿಗೂ ಒಂದೇ ಉದ್ದಕ್ಕೆ ಕತ್ತರಿಸಿ ಹಾಕಿ. ಗಂಗಾವತಿಯವರು ಹೇಳಿದಂತೆ ಟ್ಯಾಂಕನ್ನು ಕೆಳಗಿಟ್ಟು ಮೋಟರ್ ಇಡುವುದಾದರೆ 12 ವೋಲ್ಟಿನ ಚಿಕ್ಕ ಪಂಪು, ಹಳೆಯ ಬ್ಯಾಟರಿ, ಟೈಮರ್ ಇಷ್ಟು ಸಾಕು. ಕರೆಂಟಿನ ಹಂಗು ತಪ್ಪುತ್ತದೆ. ಗಂಟೆಗೆ ನಾಲ್ಕು ಲೀಟರಿನ ಡ್ರಿಪ್ಪರ್ ಮೂರು ನಿಮಿಷ ಓಡಿದರೆ ಬಕೆಟ್ಟಿಗೆ 200 ಮಿಲಿ ಬೀಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ಇಂಥ ಹತ್ತು ಸರತಿ ಇಟ್ಟು, ನಡುಹಗಲಿನಲ್ಲಿ ಸರತಿಗಳನ್ನು ಹತ್ತಿರ ಹತ್ತಿರ ಮಾಡಿ. ಪೈಪುಗಳ ಮೇಲೆ ನೇರ ಬಿಸಿಲು ಬೀಳದಂತೆ ಮುಚ್ಚಿಡುವುದನ್ನು ಮರೆಯಬೇಡಿ. ಕರಿ ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನದ ಸರತಿಯಲ್ಲಿ ಕೈ ಚುರ್ ಎನ್ನುವಷ್ಟು ಬಿಸಿಯಾಗಿ ನೇರವಾಗಿ ಬೇರಿನ ಮೇಲೆ ಬೀಳುತ್ತದೆ.

ಉತ್ತರ: ಎರೆಹೊಲ, ಕೊಪ್ಪಳ

ಮೇಲಿನವರು ಹೇಳಿದ್ದರಲ್ಲಿ ತಾಂತ್ರಿಕವಾಗಿ ನನ್ನ ತಕರಾರು ಏನೂ ಇಲ್ಲ. ಆದರೆ ಬೆಳೆಯ ಆಯ್ಕೆಯ ಬಗ್ಗೆ ಯಾರೂ ಮಾತನಾಡಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬೇರನ್ನು ಎಷ್ಟೇ ತಣ್ಣಗಿಟ್ಟರೂ ಟೊಮೆಟೊ ಹೂವು ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಯಿ ಕಚ್ಚುವುದಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 25ರ ಕೆಳಗೆ ಇಳಿಯದಿದ್ದರೆ ಪರಾಗ ಸತ್ವ ಕಳೆದುಕೊಂಡು ಹೂವು ಉದುರುತ್ತದೆ. ನಮ್ಮ ಬೇಸಿಗೆಯಲ್ಲಿ ಹಗಲು 40 ದಾಟುವುದು ಮಾಮೂಲು. ಆದ್ದರಿಂದ ಈಗ ಕಿತ್ತ ಟೊಮೆಟೊ ಜಾಗದಲ್ಲಿ ಮತ್ತೆ ಟೊಮೆಟೊ ಹಚ್ಚಬೇಡಿ. ಬೆಂಡೆ, ಚವಳಿ, ರಾಜಗಿರಿ, ಪುಂಡಿಪಲ್ಯ ಇವು ಬಿಸಿಲಿಗೆ ಹುಟ್ಟಿದ ಬೆಳೆಗಳು. ಹೊಟ್ಟು ತುಂಬಿದ ಅದೇ ಬಕೆಟ್ಟಿನಲ್ಲಿ, ತೆಳುವಾದ ಗೊಬ್ಬರದ ನೀರಿನಲ್ಲಿ ಬೆಂಡೆ ಚೆನ್ನಾಗಿ ಬರುತ್ತದೆ. ಟೊಮೆಟೊ, ದಪ್ಪ ಮೆಣಸಿನಕಾಯಿಗಳ ಸಸಿಯನ್ನು ಜುಲೈ ಕೊನೆಗೆ ಹಾಕಿ, ಗಣೇಶನ ಹಬ್ಬದ ಹೊತ್ತಿಗೆ ಬಕೆಟ್ಟಿಗೆ ನಾಟಿ ಮಾಡಿದರೆ ಫೆಬ್ರವರಿಯವರೆಗೆ ಕಾಯಿ ಬಿಡಿಸಬಹುದು, ಆಗ ಮಳೆನೀರೂ ಕೈಗೆ ಸಿಗುತ್ತದೆ. ಮಾಳಿಗೆಯ ಮೇಲೆ ಜೇನುನೊಣ ಬರುವುದು ಕಡಿಮೆ. ಟೊಮೆಟೊ ಹೂಗೊಂಚಲನ್ನು ಬೆಳಗಿನ ಹೊತ್ತು ಬೆರಳಿನಿಂದ ತಟ್ಟಿದರೆ ಪರಾಗ ಉದುರಿ ಕಾಯಿ ಕಚ್ಚುತ್ತದೆ, ಸವತೆಗೆ ಮಾತ್ರ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಸವರಬೇಕು.

ಖರ್ಚಿನ ವಿಷಯದಲ್ಲಿಯೂ ಒಂದು ಮಾತು. ಸುತ್ತಲೂ ಎರೆಭೂಮಿ ಇರುವ ನಮ್ಮಂಥ ಊರುಗಳಲ್ಲಿ, ಒಂದು ಗುಂಟೆ ಹಿತ್ತಲಿದ್ದವರು ಬಕೆಟ್ಟಿಗೆ ಹೋಗುವ ಅಗತ್ಯವಿದೆಯೆಂದು ನನಗೆ ಅನ್ನಿಸುವುದಿಲ್ಲ. ಮಾಳಿಗೆ ಬಿಟ್ಟರೆ ಬೇರೆ ಜಾಗವಿಲ್ಲದವರಿಗೆ, ಹಿತ್ತಲಿನ ಮಣ್ಣು ಸವಳಾಗಿರುವವರಿಗೆ ಇದು ಸರಿಯಾದ ದಾರಿ. ಮಾಳಿಗೆ ಎಂದರೆ ಆರ್‌ಸಿಸಿ ಮಾಳಿಗೆ. ಒದ್ದೆ ಹೊಟ್ಟು ಮತ್ತು ಗಿಡ ಸೇರಿ ಒಂದೊಂದು ಬಕೆಟ್ಟೂ ಒಂದು ಕೊಡ ನೀರಿನಷ್ಟು ಭಾರವಾಗುವುದರಿಂದ ಹಳೆಯ ಮಣ್ಣಿನ ಮೇಲ್ಮುದ್ದೆಯ ಮನೆಗಳ ಮೇಲೆ ಇದನ್ನು ಇಡಬಾರದು. ಆರ್‌ಸಿಸಿಯಲ್ಲಿಯೂ ತೊಲೆ, ಗೋಡೆಗಳ ಸಾಲಿನ ಮೇಲೆ ಇಡುವುದು ಒಳ್ಳೆಯದು.

ತಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಉಳಿದಿದೆ. ತಳದಿಂದ ಬರುವ ನೀರನ್ನು ಟ್ಯಾಂಕಿಗೆ ಹಿಂತಿರುಗಿಸಬೇಡಿ. ಒಂದು ಬಕೆಟ್ಟಿನಲ್ಲಿ ಪಿಥಿಯಂ ಇದ್ದರೆ ಆ ನೀರಿನ ಮೂಲಕ ಎಲ್ಲ ಬಕೆಟ್‌ಗಳಿಗೂ ಹರಡುತ್ತದೆ, ಜೊತೆಗೆ ಬೋರ್ ನೀರಿನ ಉಪ್ಪು ಸುತ್ತಿ ಸುತ್ತಿ ಗಟ್ಟಿಯಾಗುತ್ತದೆ. ಕೊಟ್ಟ ನೀರಿನಲ್ಲಿ ಐದರಲ್ಲೊಂದು ಅಥವಾ ನಾಲ್ಕರಲ್ಲೊಂದು ಪಾಲು ಹೊರಗೆ ಬರುವಂತೆ ಸರತಿಗಳನ್ನು ಹೊಂದಿಸಿ, ವಾರಕ್ಕೊಮ್ಮೆ ಆ ಹೊರಬಂದ ನೀರಿನ ಇಸಿ ಅಳೆಯಿರಿ. ಕೊಟ್ಟದ್ದಕ್ಕಿಂತ 1ರಷ್ಟು ಹೆಚ್ಚಾಗಿದ್ದರೆ ಒಂದು ದಿನ ಗೊಬ್ಬರವಿಲ್ಲದ, ಪಿಎಚ್ ಸರಿಪಡಿಸಿದ ನೀರನ್ನಷ್ಟೇ ಬಿಟ್ಟು ಬಕೆಟ್ ತೊಳೆಯಬೇಕು. ಹೊರಬಂದ ನೀರು ಅಂಗಳದ ನುಗ್ಗೆ, ಕರಿಬೇವು, ಪೇರಲ ಗಿಡಗಳಿಗೆ ಹೋಗಲಿ. ಬೋರ್‌ವೆಲ್ ಮರುಪೂರಣಕ್ಕೆಂದು ಮಾಡಿದ ಇಂಗುಗುಂಡಿಗೆ ಮಾತ್ರ ಆ ಪೈಪನ್ನು ಸೇರಿಸಬೇಡಿ; ಅದರಲ್ಲಿ ಉಳಿದಿರುವ ನೈಟ್ರೇಟ್ ತಾವೂ ನೆರೆಯವರೂ ಕುಡಿಯುವ ನೀರಿಗೆ ಇಳಿಯುತ್ತದೆ.